ಶನಿವಾರದ ಸಿಂಫನಿ

ಸಂಗೀತ ಶಿಕ್ಷಕರಾಗಿ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಶಾಲೆಯಲ್ಲಿ ನಿಮ್ಮ ಪೀರಿಯಡ್ಡನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಗಣಿತದ ಪಾಠ ಬಾಕಿಯಾದರೆ ಸಂಗೀತದ ಪೀರಿಯಡ್ ಹೋಗುತ್ತದೆ. ಕ್ರೀಡಾಕೂಟದ ಪೆರೇಡ್ ಅಭ್ಯಾಸಕ್ಕೂ ಅದೇ ಹೋಗುತ್ತದೆ. ಬಿಸಿಯೂಟದ ಅಕ್ಕಿ ಬಂದ ದಿನ ಸಂಗೀತದ ಕೋಣೆಯೇ ಹೋಗುತ್ತದೆ. ಅತಿಥಿಗಳು ಬರುವ ದಿನ ಮಾತ್ರ ಎಲ್ಲರಿಗೂ ನಿಮ್ಮ ನೆನಪಾಗುತ್ತದೆ, ಪ್ರಾರ್ಥನೆ ಹಾಡಿಸಲಿಕ್ಕೆ. ಇದಕ್ಕೆ ಬೇಸರ ಮಾಡಿಕೊಂಡು ಸ್ಟಾಫ್ ರೂಮಿನಲ್ಲಿ ಕೂತರೆ ನಿವೃತ್ತಿಯವರೆಗೂ ಕೂತೇ ಇರಬೇಕಾಗುತ್ತದೆ. ನಾನು ಹಾಗೆ ಕೂರಲಿಲ್ಲ.

ನಾನು ನಾರಾವಿಯವಳು. ಕಲಿತದ್ದು ಕರ್ನಾಟಕ ಸಂಗೀತ, ಹಾಡುಗಾರಿಕೆ ಮತ್ತು ಪಿಟೀಲು. ಮೊದಲು ಬೆಳ್ತಂಗಡಿಯ ಕಡೆ ಒಂದು ಶಾಲೆಯಲ್ಲಿದ್ದೆ. ಆಮೇಲೆ ಬಹಳ ಕಾಲ, ನಿವೃತ್ತಿಯವರೆಗೂ, ಮೆಲ್ಕಾರಿನ ಹತ್ತಿರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಪದ್ಮಲತಾ ಟೀಚರ್ ಆಗಿದ್ದೆ. ಈಗ ಮೂಡುಬಿದಿರೆಯಲ್ಲಿ ಮಗಳ ಮನೆಯ ಪಕ್ಕದಲ್ಲೇ ಇದ್ದೇನೆ. ಪ್ರತಿಭಾ ಕಾರಂಜಿಯಲ್ಲಿ ನನ್ನ ಮಕ್ಕಳು ತಂದ ಬಹುಮಾನಗಳ ಕಥೆ ಇಲ್ಲಿ ಬರೆಯುವುದಿಲ್ಲ, ಅದು ಎಲ್ಲರಿಗೂ ಉಂಟು. ಬರೆಯಬೇಕೆಂದಿರುವುದು ಸಿಂಫನಿಯ ಕಥೆ. ಪಾಠಪಟ್ಟಿಯಲ್ಲಿ ಇಲ್ಲದ, ನನಗೇ ಸರಿಯಾಗಿ ಗೊತ್ತಿಲ್ಲದ ಆ ಸಂಗೀತವನ್ನು ಹಠ ಹಿಡಿದು ಮಕ್ಕಳಿಗೆ ಕೇಳಿಸಿದ ಕಥೆ.

ಅದನ್ನು ನನ್ನ ತಲೆಗೆ ಹಾಕಿದವರು ಗಣಿತದ ಫೆಲಿಕ್ಸ್ ಸರ್. ಅವರು ಭಾನುವಾರ ಇಗರ್ಜಿಯ ಗಾಯನ ಮಂಡಳಿಯಲ್ಲಿ ಪಿಟೀಲು ನುಡಿಸುವವರು. ಒಮ್ಮೆ ಊಟದ ಬಿಡುವಿನಲ್ಲಿ ಅವರು ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋಗಿ ಒಂದು ಸಿ.ಡಿ. ಹಾಕಿದರು. ಯುರೋಪಿನ ಹಳೆಯ ಕಾಲದ ಒಂದು ಸಿಂಫನಿ. ನಾಲ್ಕು ಭಾಗಗಳಂತೆ, ಹತ್ತಿರ ಹತ್ತಿರ ಮುಕ್ಕಾಲು ಗಂಟೆಯಂತೆ. ನಾನು ಕಣ್ಣು ಮುಚ್ಚಿ ಶ್ರುತಿಯನ್ನು ಹುಡುಕಿದೆ, ಸಿಗಲಿಲ್ಲ. ರಾಗ ಹುಡುಕಿದೆ. ಹಿಡಿದೆ ಎನ್ನುವಷ್ಟರಲ್ಲಿ ಅದು ಕೈತಪ್ಪಿ ಎಲ್ಲಿಗೋ ಹೋಯಿತು. ಒಂದು ಕಡೆ ಪಿಟೀಲುಗಳು, ಇನ್ನೊಂದು ಕಡೆ ತುತ್ತೂರಿಗಳು, ಯಾರು ಯಾರಿಗೆ ಪಕ್ಕವಾದ್ಯ ಎಂದೇ ತಿಳಿಯಲಿಲ್ಲ.

"ಸರ್, ಇದು ನನಗೆ ಆಗುವುದಲ್ಲ" ಎಂದು ಎದ್ದೆ.

"ಕೂತ್ಕೊಳ್ಳಿ ಮಾರಾಯ್ರೆ. ನೀವು ಎಲ್ಲವನ್ನೂ ಒಟ್ಟಿಗೆ ಹಿಡಿಯಲಿಕ್ಕೆ ಹೋಗ್ತೀರಿ. ಸುರುವಿಗೆ ಬಂದ ಆ ಸಣ್ಣ ತುಂಡು ಉಂಟಲ್ಲ, ಅದೊಂದನ್ನು ನೆನಪಿಟ್ಟುಕೊಳ್ಳಿ. ಅದು ಎಷ್ಟು ವೇಷ ಹಾಕಿಕೊಂಡು ಬರ್ತದೆ, ಅಷ್ಟು ಮಾತ್ರ ನೋಡಿ."

ಅವರು ಮತ್ತೆ ಮೊದಲಿನಿಂದ ಹಾಕಿದರು. ನಾನು ಆ ತುಂಡನ್ನು ಸ್ವರದಲ್ಲಿ ಮೆಲ್ಲಗೆ ಗುನುಗಿಕೊಂಡು ಕಾದು ಕೂತೆ. ಒಮ್ಮೆ ಅದು ಕೊಳಲಿನಲ್ಲಿ ಬಂತು. ಒಮ್ಮೆ ತಲೆಕೆಳಗಾಗಿ ಬಂತು. ಒಮ್ಮೆ ಬಾರದೆ ಕಾಯಿಸಿತು. ಬೆಲ್ ಹೊಡೆದದ್ದು ಇಬ್ಬರಿಗೂ ಕೇಳಲಿಲ್ಲ. ಮುಖ್ಯೋಪಾಧ್ಯಾಯರು ಅಟೆಂಡರನ್ನು ಕಳಿಸಬೇಕಾಯಿತು.

ಮರುವಾರವೇ ಒಂಬತ್ತನೆಯ ತರಗತಿಯ ಸಂಗೀತದ ಮಕ್ಕಳಿಗೆ ಅದನ್ನು ಕೇಳಿಸಿದೆ. ಆ ತರಗತಿ ಪೂರ್ತಿ ಹಾಳಾಯಿತು. ಹೇಗೆಂದು ಹೇಳುತ್ತೇನೆ, ಹೊಸಬರಿಗೆ ಉಪಯೋಗವಾದೀತು. ಊಟ ಆದ ಮೇಲಿನ ಪೀರಿಯಡ್. ಬೋರ್ಡಿನಲ್ಲಿ ವಾದ್ಯಗಳ ಹೆಸರು, ಸಂಗೀತಗಾರನ ಹೆಸರು, ಅವನ ದೇಶ, ಎಲ್ಲ ಬರೆದೆ. ಮಕ್ಕಳು ಭಕ್ತಿಯಿಂದ ನೋಟ್ಸ್ ಬರೆದುಕೊಂಡರು. ಆಮೇಲೆ ಪೂರ್ತಿ ಸಿಂಫನಿ ಹಾಕಿದೆ. ಎರಡನೆಯ ಭಾಗಕ್ಕೆ ಬರುವಾಗ ಹಿಂದಿನ ಬೆಂಚಿನವರು ಡೆಸ್ಕಿನ ಮೇಲೆ ತಲೆ ಇಟ್ಟಾಗಿತ್ತು. ಮುಂದಿನ ಬೆಂಚಿನ ಮೃದಂಗದ ಹುಡುಗ ಪ್ರಜ್ವಲ್ ಎದ್ದು, "ಟೀಚರ್, ಇದರಲ್ಲಿ ತಾಳ ಯಾವುದು?" ಎಂದು ಕೇಳಿದ. ನಾನು ಉತ್ತರ ಹುಡುಕುತ್ತಿರುವಾಗ ಅವನೇ, "ಇಲ್ಲದಿದ್ರೆ ಬೇಡ, ಪರವಾಗಿಲ್ಲ" ಎಂದು ಕೂತ.

ಹೆಸರು ಕೊಟ್ಟರೆ ಮಕ್ಕಳು ಹೆಸರನ್ನೇ ಇಟ್ಟುಕೊಳ್ಳುತ್ತಾರೆ, ಸಂಗೀತವನ್ನು ಬಿಡುತ್ತಾರೆ. ಅವತ್ತಿನಿಂದ ಬೋರ್ಡು ಮುಟ್ಟಲಿಲ್ಲ. ಮಧ್ಯಾಹ್ನ ಬೇಡ ಎಂದು ಶನಿವಾರದ ಬೆಳಗ್ಗಿನ ಕೊನೆಯ ಪೀರಿಯಡ್ಡನ್ನು ಹಿಡಿದೆ. ಜಗಲಿಯಲ್ಲಿ ಸ್ಪೀಕರ್ ಇಟ್ಟು ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಕ್ರೀಡಾಕೂಟಕ್ಕೆ ಎಳೆದ ಸುಣ್ಣದ ಗೆರೆಗಳು ಇನ್ನೂ ಇದ್ದವು. ಒಂದು ಚೌಕದಲ್ಲಿ ಪಿಟೀಲಿನವರು, ಇನ್ನೊಂದರಲ್ಲಿ ಕೊಳಲಿನವರು, ಮತ್ತೊಂದರಲ್ಲಿ ತುತ್ತೂರಿ, ಹಿಂದೆ ನಗಾರಿ. ಎಲ್ಲರೂ ಕೂತಿರಬೇಕು. ತನ್ನ ವಾದ್ಯ ಕೇಳಿದ ಕೂಡಲೇ ಏಳಬೇಕು, ಅದು ನಿಂತರೆ ಕೂರಬೇಕು. ಮೊದಲನೆಯ ಭಾಗ ಮಾತ್ರ, ಅದರಲ್ಲೂ ಸ್ವಲ್ಪ.

ಮೊದಲ ಸಲ ನಗೆ, ಗಲಾಟೆ. ಮೂರನೆಯ ಸಲಕ್ಕೆ ಗಲಾಟೆ ನಿಂತಿತು, ಯಾಕೆಂದರೆ ಮಾತಾಡಿದರೆ ತನ್ನ ಸರದಿ ತಪ್ಪುತ್ತದೆ. ಒಂದು ಕಡೆ ಎಲ್ಲ ವಾದ್ಯಗಳೂ ಒಟ್ಟಿಗೆ ಮೊಳಗಿದಾಗ ಮೈದಾನದಲ್ಲಿ ಇದ್ದವರೆಲ್ಲ ಒಮ್ಮೆಲೇ ಎದ್ದು ನಿಂತರು. ನಿಂತವರು ಒಬ್ಬರನ್ನೊಬ್ಬರು ನೋಡಿಕೊಂಡರು. "ಟೀಚರ್, ಎಲ್ಲರೂ ಒಟ್ಟಿಗೆ ಎದ್ದದ್ದು!" ಎಂದು ಕೂಗಿದವಳು ಅನುಷಾ, ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ.

ಆ ಶನಿವಾರಗಳು ಚೆನ್ನಾಗಿ ನಡೆಯುತ್ತಿರುವಾಗ ಸಂಚಾಲಕರಿಂದ ಕರೆ ಬಂತು. ಆಡಳಿತ ಮಂಡಳಿಯ ಪರವಾಗಿ ಶಾಲೆ ನೋಡಿಕೊಳ್ಳುತ್ತಿದ್ದವರು ಅವರು. ಕುವೈಟಿನಲ್ಲಿ ಹೋಟೆಲ್ ನಡೆಸಿ ಊರಿಗೆ ಬಂದವರು, ಕೆಟ್ಟವರಲ್ಲ, ಆದರೆ ಯಾವುದಕ್ಕೂ ಉಪಯೋಗ ಎಂತ ಎಂದು ಕೇಳುವವರು.

"ಟೀಚರೇ, ಇದು ಯಾವ ಪರೀಕ್ಷೆಗೆ ಬರ್ತದೆ?"

"ಯಾವುದಕ್ಕೂ ಬರುವುದಿಲ್ಲ ಸರ್."

"ಮತ್ತೆ ಎಂತಕ್ಕೆ? ಸಂಗೀತದ ಜೂನಿಯರ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಬದಲು ಮೈದಾನದಲ್ಲಿ ಏಳು-ಕೂರು ಮಾಡಿಸ್ತಾ ಇದ್ದೀರಂತೆ. ಪೋಷಕರು ಕೇಳ್ತಾರೆ."

ನಾನು ಹೇಳಿದೆ: "ಸರ್, ನಮ್ಮ ಮಕ್ಕಳು ಒಬ್ಬೊಬ್ಬರೇ ಚೆನ್ನಾಗಿ ಹಾಡ್ತಾರೆ. ಎಲ್ಲರೂ ಸೇರಿದರೆ ಎಲ್ಲರೂ ಅದನ್ನೇ ಹಾಡ್ತಾರೆ. ಪಕ್ಕದವನು ಬೇರೆಯದ್ದನ್ನು ನುಡಿಸ್ತಿರುವಾಗ ತನ್ನದನ್ನು ಬಿಡದೆ ಅವನದ್ದನ್ನೂ ಕೇಳುವುದು ಅವರಿಗೆ ಗೊತ್ತಿಲ್ಲ. ಅದನ್ನು ಕಲಿಸಲಿಕ್ಕೆ ನನಗೆ ಬೇರೆ ದಾರಿ ಕಾಣುವುದಿಲ್ಲ."

ಅವರು ಪೇಪರ್‌ವೇಟ್ ತಿರುಗಿಸಿದರು. "ಆಯ್ತು. ವಾರ್ಷಿಕೋತ್ಸವಕ್ಕೆ ಆ ಮಕ್ಕಳು ಅದನ್ನು ನುಡಿಸಲಿ. ಜನ ಕೇಳಲಿ. ಆಗದಿದ್ರೆ ಶನಿವಾರದ ಪೀರಿಯಡ್ ವಿಜ್ಞಾನಕ್ಕೆ."

ಕೇಳಿಸುವುದು ಒಂದು, ನುಡಿಸುವುದು ಇನ್ನೊಂದು. ಆದರೂ ಆಯ್ತು ಸರ್ ಎಂದು ಬಂದೆ.

ನಮ್ಮಲ್ಲಿ ಇದ್ದದ್ದು ಐದು ಪಿಟೀಲು, ಎರಡು ಬಿದಿರಿನ ಕೊಳಲು, ಒಂದು ಹಾರ್ಮೋನಿಯಂ, ಪ್ರಜ್ವಲನ ಮೃದಂಗ, ಮತ್ತು ಚೈತ್ರಾಳ ಸ್ಯಾಕ್ಸೊಫೋನ್. ಚೈತ್ರಾ ನರಿಕೊಂಬಿನ ವಾಸು ಸೇರಿಗಾರರ ಮಗಳು. ತಂದೆ ದೇವಸ್ಥಾನಗಳಲ್ಲಿ ನಾಗಸ್ವರ, ಮದುವೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವರು. ಅವರ ಜೊತೆ ಎಷ್ಟೋ ಮದುವೆಗಳಲ್ಲಿ ನುಡಿಸಿ ಅವಳ ಕೈ ಪಳಗಿತ್ತು. ಸಿಂಫನಿಯ ವೇಗದ ಭಾಗಗಳು ನಮ್ಮಿಂದಾಗದು, ಹಾಗಾಗಿ ಎರಡನೆಯ, ನಿಧಾನದ ಭಾಗವನ್ನು ಆರಿಸಿದೆವು. ಫೆಲಿಕ್ಸ್ ಸರ್ ಅದನ್ನು ನಮ್ಮ ವಾದ್ಯಗಳಿಗೆ ಹೊಂದುವ ಹಾಗೆ ಹಂಚಿದರು, ನಾನು ಎಲ್ಲರ ಪಾಲನ್ನೂ ಸರಿಗಮದಲ್ಲಿ ಬರೆದೆ. ಕೊಳಲಿನ ಶ್ರುತಿಯನ್ನು ಬದಲಾಯಿಸಲಾಗದು, ಉಳಿದವರೆಲ್ಲ ಅದಕ್ಕೇ ಹೊಂದಿಕೊಂಡರು.

ಮೊದಲ ಕಷ್ಟ ಗಮಕ. ನಮ್ಮ ಸಂಗೀತದಲ್ಲಿ ಸ್ವರ ಅಲುಗಾಡಬೇಕು, ಅದೇ ಅದರ ಜೀವ. ಇಲ್ಲಿ ಸ್ವರ ಕಂಬದ ಹಾಗೆ ನೇರ ನಿಲ್ಲಬೇಕು. ವರ್ಷಗಟ್ಟಲೆ ನಾನೇ ತಿದ್ದಿ ತೀಡಿ ಕಲಿಸಿದ ಓಲಾಟವನ್ನು ನಾನೇ "ಬೇಡ, ಬೇಡ" ಎಂದು ನಿಲ್ಲಿಸಬೇಕಾಯಿತು. ಎರಡನೆಯದು ಅದಕ್ಕಿಂತ ದೊಡ್ಡದು. ನಾಲ್ಕು ಜನ ನಾಲ್ಕು ಬೇರೆ ಸ್ವರ ಹಿಡಿದಾಗ ಮಕ್ಕಳಿಗೆ ಅದು ತಪ್ಪು ಎನ್ನಿಸುತ್ತಿತ್ತು. ಜೋರಾಗಿ ನುಡಿಸುವವನ ಕಡೆಗೆ ಎಲ್ಲರೂ ಜಾರಿ, ಕೊನೆಗೆ ಎಲ್ಲರೂ ಒಂದೇ ಸ್ವರಕ್ಕೆ ಬಂದು ನಿಲ್ಲುತ್ತಿದ್ದರು.

ಅನುಷಾಳದ್ದು ಎರಡನೆಯ ಪಿಟೀಲು. ಅವಳ ಪಾಲಿಗೆ ಬಂದದ್ದು ರಾಗವಲ್ಲ, ನಡುವೆ ನಿಲ್ಲುವ ಉದ್ದುದ್ದ ಸ್ವರಗಳು. ಒಂದು ದಿನ ಕಮಾನು ಕೆಳಗಿಟ್ಟು ಅತ್ತೇಬಿಟ್ಟಳು. "ಟೀಚರ್, ನಾನು ನುಡಿಸುವುದು ತಪ್ಪಿದ ಹಾಗೆಯೇ ಕೇಳ್ತದೆ. ನಾನೊಬ್ಬಳೇ ತಪ್ಪು."

ನಾನು ಉಳಿದವರಿಗೆ ನುಡಿಸಲು ಹೇಳಿ ಅವಳನ್ನು ಸುಮ್ಮನೆ ಕೂರಿಸಿದೆ. ಮುಗಿದ ಮೇಲೆ ಕೇಳಿದೆ: "ಹೇಗಿತ್ತು?"

ಅವಳು ಮೂಗು ಒರೆಸಿಕೊಂಡು, "ಎಂತದೋ ಖಾಲಿ ಖಾಲಿ" ಎಂದಳು.

"ಆ ಖಾಲಿ ಜಾಗ ನಿನ್ನದು. ಬಂದು ಕೂತುಕೋ."

ಪ್ರಜ್ವಲನದ್ದು ಬೇರೆಯೇ ತಕರಾರು. ನಗಾರಿಯ ಪಾಲು ಅವನ ಮೃದಂಗಕ್ಕೆ ಬಂದಿತ್ತು, ಆದರೆ ಆ ಭಾಗದಲ್ಲಿ ಅದಕ್ಕೆ ಅಲ್ಲೊಂದು ಇಲ್ಲೊಂದು ಮೆಲುವಾದ ಪೆಟ್ಟು ಬಿಟ್ಟರೆ ಕೆಲಸವೇ ಇಲ್ಲ. "ಟೀಚರ್, ನಾನು ಸುಮ್ಮನೆ ಕೂರುವುದಾ?" ಎಂದು ದಿನಾ ಕೇಳುತ್ತಿದ್ದ. "ಸುಮ್ಮನೆ ಅಲ್ಲ, ಎಣಿಸ್ತಾ ಕೂರುವುದು" ಎಂದರೆ, "ಎಣಿಸಲಿಕ್ಕೆ ನಾನು ಎಂತಕ್ಕೆ, ಫೆಲಿಕ್ಸ್ ಸರ್ ಇದ್ದಾರಲ್ಲ" ಎನ್ನುತ್ತಿದ್ದ. ಆದರೆ ಒಮ್ಮೆ ಅವನ ಪೆಟ್ಟು ಸರಿಯಾದ ಜಾಗದಲ್ಲಿ ಬಿದ್ದು ಪಿಟೀಲಿನವರೆಲ್ಲ ತಿರುಗಿ ನೋಡಿದರು. ಅವತ್ತಿನಿಂದ ತಕರಾರು ನಿಂತಿತು.

ಒಂದು ಶನಿವಾರ ವಾಸು ಸೇರಿಗಾರರು ಶಾಲೆಗೆ ಬಂದರು. ಬಿಳಿ ಪಂಚೆ, ಹೆಗಲಿಗೆ ಶಾಲು, ಬೈಕಿನಿಂದ ಇಳಿದವರು ನೇರ ನನ್ನ ಹತ್ತಿರ ಬಂದರು. ನಾವು ಮಾತಾಡಿದ್ದು ತುಳುವಿನಲ್ಲಿ, ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಟೀಚರೇ, ಬೇಸರ ಮಾಡಬೇಡಿ. ಚೈತ್ರಾಳನ್ನು ಇದರಿಂದ ಬಿಟ್ಟುಬಿಡಿ. ಮನೆಯಲ್ಲಿ ಆಲಾಪನೆ ಮಾಡುವಾಗ ಸ್ವರ ಕೋಲಿನ ಹಾಗೆ ಹಿಡೀತಾಳೆ. ನಾಲ್ಕು ತಲೆಮಾರಿನ ಕೈ ಇದು. ಕೆಟ್ಟು ಹೋದರೆ ಮತ್ತೆ ಬರುವುದಿಲ್ಲ."

ಆ ಭಯ ನನಗೂ ಇತ್ತು. ಯಾರಿಗೂ ಹೇಳಿರಲಿಲ್ಲ ಅಷ್ಟೆ. ಹಾಗಾಗಿ ಅವರಿಗೆ ಭರವಸೆಯ ಮಾತು ಹೇಳಲಿಲ್ಲ. "ಒಮ್ಮೆ ಕೂತು ಕೇಳಿ ಸೇರಿಗಾರ್ರೆ. ಆಮೇಲೆ ನೀವು ಹೇಳಿದ ಹಾಗೆ" ಎಂದೆ.

ಅವರು ಜಗಲಿಯ ಬೆಂಚಿನಲ್ಲಿ ಕೂತರು. ನಾನು ಎರಡನೆಯ ಭಾಗವನ್ನು ಸ್ಪೀಕರಿನಲ್ಲಿ ಹಾಕಿದೆ. ಅವರು ತೊಡೆಯ ಮೇಲೆ ಬೆರಳಿಟ್ಟು ತಾಳ ಹುಡುಕಿದರು, ಸ್ವಲ್ಪ ಹೊತ್ತಿನಲ್ಲಿ ಬೆರಳು ನಿಂತಿತು.

"ಇಲ್ಲಿ ಶ್ರುತಿ ಹಿಡಿಯುವವ ಯಾರು?"

"ಯಾರೂ ಇಲ್ಲ. ಶ್ರುತಿಯೇ ನಡೀತಾ ಹೋಗ್ತದೆ."

"ಮತ್ತೆ ಇಷ್ಟು ಜನರಲ್ಲಿ ಒಬ್ಬನಾದರೂ ತನ್ನ ಮನಸ್ಸಿಗೆ ಬಂದದ್ದು ನುಡಿಸುವುದಿಲ್ಲವಾ?"

"ಇಲ್ಲ. ಬರೆದದ್ದು ಮಾತ್ರ."

ಅವರು ತಲೆಯಾಡಿಸಿದರು. "ನನಗೆ ಹಿಡಿಸಲಿಲ್ಲ ಟೀಚರೇ. ಸುಳ್ಳು ಯಾಕೆ ಹೇಳಲಿ." ಎದ್ದು ಶಾಲು ಸರಿಮಾಡಿಕೊಂಡರು. ಆಮೇಲೆ ಮಗಳು ಕೂತಿದ್ದ ಕಡೆ ನೋಡಿ ಹೇಳಿದರು: "ಅದು ನಡೆಯುವಾಗ ಇವಳ ಮುಖ ನೋಡಿದೆ. ವಾರ್ಷಿಕೋತ್ಸವದವರೆಗೆ ಬರಲಿ. ಆಮೇಲೆ ಸಾಕು. ಮನೆಯ ಸಾಧನೆ ತಪ್ಪಬಾರದು."

ನಾನು ಚೈತ್ರಾಳನ್ನು ಕರೆದು ನಿಬಂಧನೆ ಹಾಕಿದೆ. ದಿನಾ ಬೆಳಿಗ್ಗೆ ತಂದೆಯ ಎದುರು ಸಾಧನೆ ಮಾಡಿದರೆ ಮಾತ್ರ ಇಲ್ಲಿ ಜಾಗ. "ಎರಡು ಮನೆಗೆ ಹೋದರೆ ಎರಡು ಮನೆಯ ಕ್ರಮವೂ ಗೊತ್ತಿರಬೇಕು. ಅಲ್ಲಿಯದ್ದನ್ನು ಇಲ್ಲಿ, ಇಲ್ಲಿಯದ್ದನ್ನು ಅಲ್ಲಿ ಕಲಸಬೇಡ."

"ಕಲಸುವುದಿಲ್ಲ ಟೀಚರ್" ಎಂದಳು. ಅವಳ ಮುಖದಲ್ಲಿ ಮಾತ್ರ ಸ್ವಲ್ಪ ತುಂಟತನ ಇತ್ತು.

ವಾರ್ಷಿಕೋತ್ಸವದ ಸಂಜೆ ಮಕ್ಕಳು ಬಿಳಿ ಅಂಗಿ ಹಾಕಿ ವೇದಿಕೆಯ ಹಿಂದೆ ಸಾಲಾಗಿ ನಿಂತಿದ್ದರು. ಅತಿಥಿಗಳು ತಡವಾಗಿ ಬಂದರು, ಬಂದ ಮೇಲೆ ಭಾಷಣ ಬೆಳೆಯಿತು, ಸನ್ಮಾನಗಳು ಮುಗಿಯಲಿಲ್ಲ. ಸಂಚಾಲಕರು ಬೆವರುತ್ತಾ ನಮ್ಮ ಹತ್ತಿರ ಬಂದರು.

"ಟೀಚರೇ, ಡ್ಯಾನ್ಸಿನ ಮಕ್ಕಳು ಕಾಯ್ತಾ ಇದ್ದಾರೆ. ನಿಮ್ಮದನ್ನು ಒಂದೆರಡು ನಿಮಿಷದಲ್ಲಿ ಮುಗಿಸಿ."

"ಅದು ಅಷ್ಟರಲ್ಲಿ ಮುಗಿಯುವುದಿಲ್ಲ ಸರ್. ಏಳೆಂಟು ನಿಮಿಷ ಬೇಕು."

"ಸುರುವಿನದ್ದು ಸ್ವಲ್ಪ, ಕೊನೆಯದ್ದು ಸ್ವಲ್ಪ ನುಡಿಸಿ. ಯಾರಿಗೆ ಗೊತ್ತಾಗ್ತದೆ?"

"ಮಕ್ಕಳಿಗೆ ಗೊತ್ತಾಗ್ತದೆ. ಅರ್ಧ ನುಡಿಸುವುದಿಲ್ಲ ಸರ್."

"ಹಾಗಾದರೆ ಬಿಡಿ" ಎಂದು ಅವರು ಹೊರಟರು. ನಮ್ಮ ಹೆಸರನ್ನು ಯಾರೂ ಕರೆಯಲಿಲ್ಲ. ಮೊದಲ ಡ್ಯಾನ್ಸಿನ ಹಾಡು ಶುರುವಾಯಿತು.

ಮಕ್ಕಳು ನನ್ನ ಮುಖ ನೋಡಿದರು. ಅನುಷಾ ಪಿಟೀಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಫೆಲಿಕ್ಸ್ ಸರ್ ಹಾಳೆಗಳನ್ನು ಜೋಡಿಸುತ್ತಿದ್ದರು. ವಾಸು ಸೇರಿಗಾರರು ಪರದೆಯ ಪಕ್ಕದಿಂದ ಬಂದರು. ಮಗಳ ಕಾರ್ಯಕ್ರಮಕ್ಕೆಂದು ಒಂದು ಆರತಕ್ಷತೆಯ ವಾದನವನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದರು.

"ಇನ್ನು ಎಂತ ಟೀಚರೇ?" ಎಂದರು, ಸಿಟ್ಟಿನಲ್ಲೇ.

ನಾನು ಒಪ್ಪಿದ್ದರೆ ಮಕ್ಕಳು ವೇದಿಕೆ ಹತ್ತುತ್ತಿದ್ದರು, ಪೋಷಕರು ಫೋಟೋ ತೆಗೆಯುತ್ತಿದ್ದರು. ಅದು ನನಗೆ ಗೊತ್ತಿತ್ತು. ಆದರೆ ತಿಂಗಳುಗಟ್ಟಲೆ ಅವರಿಗೆ ನಾನು ಹೇಳಿಕೊಟ್ಟದ್ದೇ, ಇದರಲ್ಲಿ ಯಾರದ್ದನ್ನೂ ತೆಗೆಯಲಾಗದು ಎಂದು. "ಬರುವ ಶನಿವಾರ ಬೆಳಿಗ್ಗೆ, ಇಲ್ಲೇ, ಜಗಲಿಯಲ್ಲಿ. ಪೂರ್ತಿ ನುಡಿಸುತ್ತೇವೆ" ಎಂದೆ. "ಮನೆಯವರನ್ನು ಕರ್ಕೊಂಡು ಬನ್ನಿ."

ಆ ಶನಿವಾರ ಬಂದವರು ಬಹಳ ಇಲ್ಲ. ಕೆಲವು ತಾಯಂದಿರು, ಒಬ್ಬರು ಅಜ್ಜ, ಬೇರೆ ತರಗತಿಯ ಕೆಲವು ಮಕ್ಕಳು. ಮೈದಾನದಲ್ಲಿ ಶಾಮಿಯಾನದವರು ಕಂಬ ಬಿಚ್ಚುತ್ತಿದ್ದರು. ಫೆಲಿಕ್ಸ್ ಸರ್ ಮರದ ಸ್ಕೇಲು ಹಿಡಿದು ಮುಂದೆ ನಿಂತರು. ಕೇಳುವವರಿಗೆ ನಾನು ಹೇಳಿದ್ದು ಇಷ್ಟೆ: "ಒಂದೇ ತುಂಡು ಹಲವು ಸಲ ಬರ್ತದೆ. ಅದನ್ನು ಹುಡುಕಿ."

ಪಿಟೀಲುಗಳು ಮೆಲ್ಲಗೆ ಶುರು ಮಾಡಿದವು. ಕೊಳಲುಗಳು ಸೇರಿದವು. ಸ್ಯಾಕ್ಸೊಫೋನಿನ ಪಾಲು ಬಂದಾಗ ಚೈತ್ರಾ ಸ್ವರವನ್ನು ಒಂದಿಷ್ಟೂ ಅಲುಗಿಸದೆ ಹಿಡಿದಳು, ತಾಯಂದಿರ ಮಾತು ನಿಂತಿತು. ಅರ್ಧ ದಾಟಿದ ಮೇಲೆ ಮೈದಾನದಲ್ಲಿ ಒಂದು ಕಬ್ಬಿಣದ ಕಂಬ ಧಡ್ಡೆಂದು ಬಿತ್ತು. ಒಬ್ಬ ಕೊಳಲಿನವ ಬೆಚ್ಚಿ ಒಂದು ಸಾಲು ಹಾರಿಸಿದ. ಹಾರ್ಮೋನಿಯಂ ಅವನ ಹಿಂದೆ ಹೋಯಿತು, ಪಿಟೀಲುಗಳು ಒಂದೊಂದು ಕಡೆ ಚೆದುರಿದವು, ಒಬ್ಬೊಬ್ಬರೇ ನಿಲ್ಲಿಸಿದರು. ಫೆಲಿಕ್ಸ್ ಸರ್ ಅವರ ಸ್ಕೇಲು ಗಾಳಿಯಲ್ಲೇ ನಿಂತಿತು.

ಒಂದು ಪಿಟೀಲು ಮಾತ್ರ ನಿಂತಿರಲಿಲ್ಲ. ಅನುಷಾ ಕಣ್ಣು ಮುಚ್ಚಿಕೊಂಡು ತನ್ನ ಆ ನಡುವಿನ ಸ್ವರವನ್ನು ಎಳೆಯುತ್ತಲೇ ಇದ್ದಳು. ಉಳಿದವರು ನಿಲ್ಲಿಸಿದ್ದು ಅವಳಿಗೆ ಗೊತ್ತಿತ್ತು. ಆದರೂ ಕಮಾನು ತಿರುಗಿಸಿ ಮುಂದಿನ ಸ್ವರಕ್ಕೆ ಹೋದಳು, ಅಲ್ಲಿ ನಿಂತಳು. ಚೈತ್ರಾ ಅದನ್ನು ಕೇಳಿ ಎಲ್ಲಿದ್ದೇವೆಂದು ತಿಳಿದುಕೊಂಡಳು. ಉಸಿರೆಳೆದು ತನ್ನ ಪಾಲನ್ನು ಅವಳ ಮೇಲೆ ಇಟ್ಟಳು. ಮತ್ತೆ ಹಾರ್ಮೋನಿಯಂ. ಮತ್ತೆ ಕೊಳಲುಗಳು. ಸ್ಕೇಲು ಮತ್ತೆ ಅಲ್ಲಾಡಿತು. ಪ್ರಜ್ವಲ್ ಅಷ್ಟೂ ಹೊತ್ತು ಎಣಿಸುವುದನ್ನು ಬಿಟ್ಟಿರಲಿಲ್ಲ, ಅವನ ಪೆಟ್ಟು ಅದರ ಜಾಗದಲ್ಲೇ ಬಿತ್ತು. ಕೊನೆಯವರೆಗೂ ಹೋದರು.

ಮುಗಿದ ಮೇಲೆ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ. ಆ ಅಜ್ಜ ಮೊದಲು ತಟ್ಟಿದರು.

ಸಂಚಾಲಕರು ಆಫೀಸಿನ ಬಾಗಿಲಲ್ಲಿ ನಿಂತಿದ್ದನ್ನು ಆಗ ನೋಡಿದೆ. ಅವರು ಹತ್ತಿರ ಬಂದು, "ಇಷ್ಟೇ ಹೊತ್ತಿನದ್ದಾ? ಅವತ್ತೇ ಹೇಳಬಾರದಿತ್ತಾ?" ಎಂದರು.

"ಹೇಳಿದ್ದೆ ಸರ್."

ಅವರು ಮಕ್ಕಳ ಕಡೆ ಒಮ್ಮೆ ನೋಡಿ ಆಫೀಸಿಗೆ ಹೋದರು. ಸೋಮವಾರ ವೇಳಾಪಟ್ಟಿಯಲ್ಲಿ ಶನಿವಾರದ ಕೊನೆಯ ಪೀರಿಯಡ್ಡಿನ ಎದುರು ಸಂಗೀತ ಎಂದು ಬರೆದಿತ್ತು. ನಿವೃತ್ತಿಯವರೆಗೂ ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಆ ವರ್ಷದ ಬೇಸಗೆಯಲ್ಲಿ ಬಂಟ್ವಾಳದಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಹೋಗಿದ್ದೆ. ಮಂಟಪದ ಪಕ್ಕದಲ್ಲಿ ವಾಸು ಸೇರಿಗಾರರು, ಚೈತ್ರಾ, ಡೋಲಿನವರು. ಮುಹೂರ್ತಕ್ಕೆ ಇನ್ನೂ ಸಮಯವಿತ್ತು, ತಂದೆ ಮಗಳು ಕಲ್ಯಾಣಿ ರಾಗವನ್ನು ಹಂಚಿಕೊಂಡು ನುಡಿಸುತ್ತಿದ್ದರು. ನನ್ನ ಕಿವಿ ಅವಳ ಗಮಕದ ಮೇಲೆಯೇ ಇತ್ತು. ಎಲ್ಲೂ ಒಣಗಿರಲಿಲ್ಲ, ಮೊದಲಿಗಿಂತ ತುಂಬಿತ್ತು. ಅಷ್ಟು ದಿನ ಹೊತ್ತಿದ್ದ ಭಾರ ಇಳಿದ ಹಾಗಾಯಿತು. ಆಲಾಪನೆಯ ಕೊನೆಯಲ್ಲಿ ತಂದೆ ಮೇಲಿನ ಷಡ್ಜದಲ್ಲಿ ನಿಂತರು. ಮಗಳು ಅದನ್ನೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಕೆಳಗೆ ಗಾಂಧಾರದಲ್ಲಿ ನೇರವಾಗಿ, ಅಲುಗದೆ ನಿಂತಳು. ಎರಡು ಬೇರೆ ಸ್ವರಗಳು ಒಂದು ಗಳಿಗೆ ಒಟ್ಟಿಗೆ ನಿಂತವು. ಡೋಲಿನವರು ತಲೆಯೆತ್ತಿ ನೋಡಿದರು. ಸೇರಿಗಾರರು ಓರೆಗಣ್ಣಿನಲ್ಲಿ ಮಗಳನ್ನು ನೋಡಿದರು, ಆದರೆ ಉಸಿರು ಇರುವಷ್ಟು ಹೊತ್ತು ತಮ್ಮ ಸ್ವರವನ್ನು ಬಿಡಲಿಲ್ಲ.

ಊಟದ ಪಂಕ್ತಿಗೆ ಹೋಗುವಾಗ ಅವರು ನನ್ನನ್ನು ತಡೆದರು.

"ನೋಡಿದ್ರಾ ಟೀಚರೇ? ಮದುವೆ ಮನೆಯಲ್ಲಿ ಇದೆಲ್ಲ ಬೇಡ ಅಂತ ಹೇಳಿದ್ದೆ. ಕೇಳ್ತಾಳಾ ಇವಳು?"

"ಬೈದುಬಿಡಿ" ಎಂದೆ.

"ಬೈಯ್ತೇನೆ, ಬೈಯ್ತೇನೆ." ಅವರು ಅತ್ತಿತ್ತ ನೋಡಿ ಜೇಬಿನಿಂದ ಮೊಬೈಲ್ ತೆಗೆದು ನನ್ನ ಕಡೆ ಹಿಡಿದರು. ದನಿ ಇಳಿಸಿ ಹೇಳಿದರು: "ಅದನ್ನು ಇದಕ್ಕೆ ಹಾಕಿ ಕೊಡಿ. ಆ ಎರಡನೇ ಭಾಗ ಮಾತ್ರ ಸಾಕು."

"ಕೊಡ್ತೇನೆ ಸೇರಿಗಾರ್ರೆ. ಆದರೆ ಒಂದು ಭಾಗ ಮಾತ್ರ ಕೊಡುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಕೇಳಬೇಕು."

ಅವರು ಮೊಬೈಲನ್ನು ನನ್ನ ಕೈಗಿಟ್ಟರು. "ಆಯ್ತು, ಪೂರ್ತಿ ಹಾಕಿ" ಎಂದರು.